ಬರಿಗೈಯಲ್ಲಿ ಹೊರಟ ಮಗಳು

ಸೋದರಿಯರೇ, ಮಗಳು ಭರತನಾಟ್ಯದ ಸ್ಪರ್ಧೆಗೆ ಹೊರಟರೆ ಏನೇನು ತಯಾರಿ ಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೆಜ್ಜೆ, ಹೂವು, ಕಾಡಿಗೆ ಎಲ್ಲವೂ ತಾವಾಗಿ ಕೈಗೆ ಬರುತ್ತವೆ. ಆದರೆ ಅದೇ ಮಗಳು, "ಅವ್ವಾ, ಲಿಂಗಸುಗೂರಿನಾಗ ಕರಾಟೆ ಪಂದ್ಯ ಐತಿ, ನಾನೂ ಹೆಸರು ಕೊಟ್ಟೀನಿ" ಅಂದರೆ? ಇನ್ನೊಬ್ಬ ಹುಡುಗಿಯ ಎದುರು ನಿಂತು ಹೊಡೆಯಲಿಕ್ಕೆ, ಹೊಡೆತ ತಡೆದುಕೊಳ್ಳಲಿಕ್ಕೆ ಮಗಳನ್ನು ಅಣಿಮಾಡುವುದು ಹೇಗೆ? ಇದನ್ನು ನಮ್ಮ ಅವ್ವಂದಿರು ನಮಗೆ ಕಲಿಸಿಲ್ಲ. ಆರು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದರೆ ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗವಾದೀತು.

ನಮ್ಮದು ಮಸ್ಕಿ. ಆ ಕಡೆ ಸಿಂಧನೂರು, ಈ ಕಡೆ ಲಿಂಗಸುಗೂರು, ನಡುವೆ ನಾವು. ಅಶೋಕನ ಹೆಸರನ್ನೇ ಹೇಳುವ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ ನಮ್ಮೂರ ಬಂಡೆಯ ಮೇಲೆ. ಯುದ್ಧ ಸಾಕೆಂದು ಬಿಟ್ಟ ರಾಜನ ಶಾಸನವಿರುವ ಊರಿನಲ್ಲಿ ನನ್ನ ಮಗಳು ಗುದ್ದಾಡಲು ಕಲಿಯುತ್ತಾಳೆಂದು ನಮ್ಮವರು ನಗುತ್ತಾರೆ.

ಅವಳು ಒಂಬತ್ತನೇ ಕ್ಲಾಸು. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರಲ್ಲ, ರಾಣಿ ಲಕ್ಷ್ಮೀಬಾಯಿಯ ಹೆಸರಿನದು, ಅದರಿಂದ ಹುಚ್ಚು ಹತ್ತಿತು. ತರಬೇತಿ ಮುಗಿದರೂ ಹುಚ್ಚು ಬಿಡಲಿಲ್ಲ. ಈಗ ಭಾನುವಾರಕ್ಕೊಮ್ಮೆ ಸಿಂಧನೂರಿಗೆ ಹೋಗಿ ಕಲಿಯುತ್ತಾಳೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾರಣ ನಾನೂ ಜೊತೆಗೆ ಹೋಗಿ ಕೂರಬಹುದು. ಇಲ್ಲದಿದ್ದರೆ ಇಬ್ಬರ ಬಸ್ ಚಾರ್ಜಿಗೇ ಮಾತು ಬರುತ್ತಿತ್ತು.

ಕರಾಟೆಯಲ್ಲಿ ಎರಡು ಬಗೆ. ಒಬ್ಬರೇ ನಿಂತು ವರಸೆ ಮಾಡಿ ತೋರಿಸುವುದು 'ಕಾತಾ'. ಇಬ್ಬರು ಎದುರುಬದುರಾಗುವುದು 'ಕುಮಿತೆ'. ಅಲ್ಲಿಯವರೆಗೆ ಮಗಳು ಮಾಡಿದ್ದೆಲ್ಲ ಕಾತಾ. ಈಗ ಕುಮಿತೆ ಅಂದಾಗ ಮನೆಯಲ್ಲಿ ಮೊದಲು ಎದ್ದದ್ದು ನಮ್ಮ ಅತ್ತೆಯವರ ದನಿ.

"ಹೆಣ್ಣು ಹುಡುಗಿ ಮಾರಿಗೆ ಪೆಟ್ಟು ಬಿದ್ರ ಹೆಂಗ? ನಾಳೆ ನೋಡಾಕ ಬಂದವ್ರು ಏನಂತಾರ?"

ನಗಬೇಡಿ. ಮಾತು ಹಳೆಯದಾದರೂ ಅದರ ಹಿಂದಿನ ಅಂಜಿಕೆ ನನ್ನದೂ ಆಗಿತ್ತು. ನಾನು ವಾದಕ್ಕಿಳಿಯಲಿಲ್ಲ. "ಅತ್ತಿ, ಮೇಷ್ಟ್ರನ್ನ ನೀವೇ ಕೇಳ್ರಿ" ಎಂದು ಮುಂದಿನ ಭಾನುವಾರ ಅವರನ್ನೂ ಸಿಂಧನೂರಿಗೆ ಕರೆದುಕೊಂಡು ಹೋದೆ.

ಮೇಷ್ಟ್ರು ಬೇಸರಿಸದೆ ವಿವರಿಸಿದರು. ಗುದ್ದು ಸರಿಯಾಗಿ ಬಿದ್ದರೆ ಒಂದು ಅಂಕ, ಹೊಟ್ಟೆ ಬೆನ್ನಿನ ಮಟ್ಟಕ್ಕೆ ಒದ್ದರೆ ಎರಡು, ತಲೆಯ ಎತ್ತರಕ್ಕೆ ಒದ್ದರೆ ಮೂರು. ಆದರೆ ಮಕ್ಕಳ ಪಂದ್ಯದಲ್ಲಿ ಮುಖಕ್ಕೆ ಬೀಸಿದ ಗುದ್ದು ತಾಗುವ ಮೊದಲೇ ನಿಲ್ಲಬೇಕು. ಜೋರಾಗಿ ತಾಗಿಸಿದವರಿಗೇ ಎಚ್ಚರಿಕೆ, ಮತ್ತೆ ಮಾಡಿದರೆ ಪಂದ್ಯದಿಂದಲೇ ಹೊರಗೆ. ಅತ್ತೆ ಎಲೆ ಅಡಿಕೆ ಮೆಲ್ಲುತ್ತ ಪೂರಾ ಕೇಳಿ, "ಅಂದ್ರ ಹೊಡಿಯೂದಕ್ಕಿಂತ ಕೈ ತಡಿಯೂದು ಕಲಸ್ತೀರಿ ಅನ್ರಿ" ಎಂದರು. ನಾನು ಓದಿ ತಿಳಿದುಕೊಂಡದ್ದಕ್ಕಿಂತ ಅದೇ ಸ್ಪಷ್ಟವಾಗಿತ್ತು.

ಪಂದ್ಯದ ಅಭ್ಯಾಸ ಶುರುವಾದ ಮೇಲೆ ತಿಳಿಯಿತು, ಮಗಳ ತೊಡಕು ಕೈಕಾಲಿನದಲ್ಲ. ಎದುರಿನವರ ಕೈ ಬಂದ ಕೂಡಲೇ ಕಣ್ಣು ಮುಚ್ಚುತ್ತಾಳೆ. ತನ್ನ ಗುದ್ದು ಯಾರಿಗಾದರೂ ತಾಗಿದರೆ "ಸಾರಿ ಸಾರಿ" ಎಂದು ಹಿಂದೆ ಸರಿಯುತ್ತಾಳೆ, ಅಷ್ಟರಲ್ಲಿ ಎದುರಿನವಳು ಎರಡು ಅಂಕ ಹೊಡೆದಿರುತ್ತಾಳೆ! ಯೋಚಿಸಿ ನೋಡಿ, ಇದರಲ್ಲಿ ಹುಡುಗಿಯ ತಪ್ಪೇನಿದೆ? ತಲೆ ತಗ್ಗಿಸು, ಎದುರು ನೋಡಬೇಡ, ದಾರಿ ಬಿಡು ಎಂದು ನಮ್ಮ ಓಣಿಗಳಲ್ಲಿ ಹೆಣ್ಣುಮಕ್ಕಳಿಗೆ ದಿನಾ ಹೇಳುತ್ತಾರೆ. ಹದಿನಾಲ್ಕು ವರ್ಷದ ಪಾಠ ಆರು ವಾರದಲ್ಲಿ ಹೋಗಬೇಕೆಂದರೆ ಸುಲಭವೇ?

ಇಲ್ಲಿ ತಾಯಿ ಮಾಡಬಹುದಾದ ಕೆಲಸ ಒಂದಿದೆ. ರಾತ್ರಿ ಪಾತ್ರೆ ತೊಳೆದ ಮೇಲೆ ಹದಿನೈದು ನಿಮಿಷ ನಾನು ತಲೆದಿಂಬು ಹಿಡಿದು ನಿಲ್ಲುತ್ತಿದ್ದೆ, ಅವಳು ಗುದ್ದಬೇಕು. ಆಮೇಲೆ ಟವೆಲ್ಲನ್ನು ಉಂಡೆ ಕಟ್ಟಿ ಅವಳತ್ತ ಮೆಲ್ಲಗೆ ಎಸೆಯುವುದು. ಕಣ್ಣು ಮುಚ್ಚದೆ ತಡೆಯಬೇಕು, ಹಿಂದಕ್ಕಲ್ಲದೆ ಪಕ್ಕಕ್ಕೆ ಸರಿಯಬೇಕು. "ಸಾರಿ" ಎಂದಾಗಲೆಲ್ಲ ಮರುದಿನದ ಒಂದು ಪಾತ್ರೆ ಅವಳ ಪಾಲಿಗೆ. ಮೊದಲ ವಾರ ನನಗೆ ಪಾತ್ರೆ ತೊಳೆಯುವ ಕೆಲಸವೇ ಇರಲಿಲ್ಲ. ನಾಲ್ಕನೇ ವಾರ ಮತ್ತೆ ಎಲ್ಲ ಪಾತ್ರೆ ನನಗೇ ಬಂದವು. ಇಷ್ಟು ಸಂತೋಷದಿಂದ ನಾನು ಎಂದೂ ಪಾತ್ರೆ ತಿಕ್ಕಿಲ್ಲ.

ಇನ್ನು ಊಟದ ವಿಷಯ. ಕುಮಿತೆಯಲ್ಲಿ ವಯಸ್ಸು ಮತ್ತು ತೂಕ ನೋಡಿ ಜೋಡಿ ಮಾಡುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಿಂತು ನೋಡಿದರೆ ಮಗಳು ಕೆಳಗಿನ ಗುಂಪಿಗಿಂತ ಒಂದೂವರೆ ಕಿಲೋ ಹೆಚ್ಚು. "ಎರಡು ದಿನ ಉಣ್ಣದಿದ್ರ ಇಳಿತದ, ಸಣ್ಣವರ ಕೂಡ ಆಡಿ ಗೆಲ್ತೀನಿ" ಎಂದು ಅವಳ ಲೆಕ್ಕ. ಗೆಳತಿಯರು ಹೇಳಿಕೊಟ್ಟ ಉಪಾಯವಂತೆ. ನಾನು ಒಪ್ಪಲಿಲ್ಲ. ಬೆಳೆಯುವ ಹುಡುಗಿ, ತಿಂಗಳ ದಿನಗಳು ಶುರುವಾದ ಮೈ. ಉಪವಾಸ ಮಾಡಿಸಿ, ನೀರು ಬಿಡಿಸಿ ಇಳಿಸಿದ ತೂಕ ಕೊಬ್ಬಿನದಲ್ಲ, ಬಹುಪಾಲು ಮೈಯ ನೀರು. ಅಂಥ ಮಗು ಪಂದ್ಯದ ಹೊತ್ತಿಗೆ ತಲೆ ಸುತ್ತಿ ಬಿದ್ದರೆ ಯಾರು ಹೊಣೆ? ಮೇಲಿನ ಗುಂಪಿನಲ್ಲೇ ಆಡಲಿ ಎಂದೆ. ಎರಡು ದಿನ ಮಾತು ಬಿಟ್ಟಳು. ಬಿಡಲಿ.

ಊಟ ಎಂದಿನದೇ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಮೊಸರು. ಅಂಗಡಿಯ ಪುಡಿಡಬ್ಬಿ ಯಾವುದೂ ಬೇಡ. ಪಂದ್ಯದ ದಿನಕ್ಕೆ ಮಾತ್ರ ಶೇಂಗಾ ಉಂಡೆ ಮಾಡಿದೆ. ಒಂದು ಬಟ್ಟಲು ಶೇಂಗಾ ಹದವಾಗಿ ಹುರಿದು, ಸಿಪ್ಪೆ ತೆಗೆದು, ಬೆಚ್ಚಗಿರುವಾಗಲೇ ಮುಕ್ಕಾಲು ಬಟ್ಟಲು ಪುಡಿಬೆಲ್ಲ, ಎರಡು ಏಲಕ್ಕಿ ಹಾಕಿ ಕುಟ್ಟಿ. ಶೇಂಗಾದ ಎಣ್ಣೆಯೇ ಬಿಟ್ಟು ಉಂಡೆ ಕಟ್ಟಲು ಬರುತ್ತದೆ, ಪಾಕವೂ ಬೇಡ ತುಪ್ಪವೂ ಬೇಡ. ಹೊಟ್ಟೆ ತುಂಬಾ ಊಟವಾದರೆ ಪಂದ್ಯಕ್ಕೆ ಮೂರು ತಾಸು ಮೊದಲೇ ಮುಗಿಯಲಿ. ನೀರು ಮಾತ್ರ ಗುಟುಕು ಗುಟುಕಾಗಿ ದಿನವಿಡೀ. ನಮ್ಮ ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ.

ಸಾಮಾನಿನ ಪಟ್ಟಿಯೂ ಹೇಳಿಬಿಡುತ್ತೇನೆ. ಕೈಗವಸು, ಮೊಣಕಾಲ ಕೆಳಗಿನ ಹಾಗೂ ಪಾದದ ಕಾಪು, ಎದೆಕಾಪು, ಹಲ್ಲಿನ ಕಾಪು. ಹಲ್ಲಿನ ಕಾಪನ್ನು ಬಿಸಿನೀರಲ್ಲಿ ಮೆತ್ತಗಾಗಿಸಿ, ತುಸು ಆರಿದ ಮೇಲೆ ಕಚ್ಚಿಸಿದರೆ ಬಾಯಿಗೆ ಹೊಂದುತ್ತದೆ. ಅದನ್ನು ಹಾಕಿಕೊಂಡು ಉಸಿರಾಡುವುದು ಮೊದಲು ಕಷ್ಟ, ಮನೆಯಲ್ಲೇ ರೂಢಿಯಾಗಲಿ. ಉಗುರು ಚಿಕ್ಕದಾಗಿರಲಿ. ಕೂದಲಿಗೆ ಕಬ್ಬಿಣದ ಪಿನ್ನು ಕ್ಲಿಪ್ಪು ಬೇಡ. ಕರಾಟೆಯ ಬಟ್ಟೆ ಅಚ್ಚ ಬಿಳಿ. ತಿಂಗಳ ದಿನ ಬಂದೀತೆಂಬ ಅಳುಕು ಹುಡುಗಿಗೆ ಹೊಡೆತದ ಅಳುಕಿಗಿಂತ ಹೆಚ್ಚು. ಒಳಗೆ ಕಪ್ಪು ಚಡ್ಡಿ, ಚೀಲದಲ್ಲಿ ಪ್ಯಾಡು, ಇನ್ನೊಂದು ಜೊತೆ ಬಟ್ಟೆ ಇಟ್ಟು ಅದನ್ನು ಅವಳಿಗೆ ಹೇಳಿಬಿಡಿ. ಅರ್ಧ ಧೈರ್ಯ ಅಲ್ಲೇ ಬರುತ್ತದೆ.

ಪಂದ್ಯದ ಹಿಂದಿನ ರಾತ್ರಿ ಕೊನೆಯ ತಕರಾರು ಬಂತು. ಮೈಮೇಲೆ ಒಡವೆ ಇರಕೂಡದು ಎಂಬುದು ನಿಯಮ. ಓಲೆ, ಸರ, ಕಾಲ್ಗೆಜ್ಜೆ, ಬಳೆ ಎಲ್ಲ ತೆಗೆಯಬೇಕು. ಗಾಜಿನ ಬಳೆ ಒಡೆದು ಯಾರ ಕಣ್ಣಿಗಾದರೂ ಹೊಕ್ಕರೆ? ಆದರೆ ಅತ್ತೆ ಕೇಳಬೇಕಲ್ಲ. "ಬರಿಗೈಲೆ ಹೊರಗ ಕಳಸ್ಬ್ಯಾಡ, ಅಪಶಕುನ."

ಆಗ ಮಗಳು ಹೇಳಿದಳು, "ಅಮ್ಮಾ, ಕರಾಟೆ ಅಂದ್ರನ ಬರಿಗೈ." ಅದು ನಿಜವೇ. ಜಪಾನಿನ ಒಕಿನಾವಾ ದ್ವೀಪದ ವಿದ್ಯೆ ಇದು. 'ಕರಾ' ಅಂದರೆ ಬರಿದು, 'ತೆ' ಅಂದರೆ ಕೈ. ಆಯುಧವಿಲ್ಲದ ಕೈ ಎಂದು ಅರ್ಥ. ನಮ್ಮಲ್ಲಿ 'ಬಳೆ ತೊಟ್ಟ ಕೈ' ಎಂದು ಗಂಡಸರನ್ನು ಹೀಯಾಳಿಸುತ್ತಾರೆ, ಬಳೆ ತೆಗೆದ ಕೈಯನ್ನು ಅಶುಭ ಎನ್ನುತ್ತಾರೆ. ಹಾಗಾದರೆ ಹೆಣ್ಣಿನ ಕೈ ಯಾವಾಗ ಒಳ್ಳೆಯದು? ಅತ್ತೆ ಉತ್ತರ ಕೊಡಲಿಲ್ಲ. ತಾವೇ ಮೊಮ್ಮಗಳ ಕೈಗೆ ಎಣ್ಣೆ ಹಚ್ಚಿ ಬಳೆ ಇಳಿಸಿ, ವಸ್ತ್ರದಲ್ಲಿ ಕಟ್ಟಿ ನನ್ನ ಚೀಲಕ್ಕೆ ಹಾಕಿದರು. "ಮುಗಿದ ಕೂಡ್ಲೆ ಹಾಕು."

ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಪಂದ್ಯ. ಬೆಳಿಗ್ಗೆ ತೂಕ ನೋಡಿದರೆ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಕಾಯುವುದೇ ದೊಡ್ಡ ಪಂದ್ಯ ಎಂದು ನೆನಪಿಡಿ. ಮೊದಲ ಕ್ಷಣದಲ್ಲೇ ಮಗಳ ಹೊಟ್ಟೆಗೆ ಒದೆ ಬಿತ್ತು, ಎರಡು ಅಂಕ ಹೋಯಿತು. ಕಣ್ಣು ತುಂಬಿಕೊಂಡು ನನ್ನತ್ತ ನೋಡಿದಳು. ತಂದೆತಾಯಿ ಒಳಗೆ ಕಾಲಿಡುವಂತಿಲ್ಲ. ನಾನು ಕುರ್ಚಿ ಬಿಗಿಹಿಡಿದು ಕೂತೆ, ತಲೆ ಮಾತ್ರ ಆಡಿಸಿದೆ. ಅವಳು ತಿರುಗಿ ನಿಂತಳು. ಒಂದೊಂದಾಗಿ ಮೂರು ಗುದ್ದು ಹಾಕಿ ಗೆದ್ದಳು. ಎರಡನೇ ಸುತ್ತಿನಲ್ಲಿ ತನಗಿಂತ ಚುರುಕಾದವಳ ಕೈಲಿ ಚೆನ್ನಾಗಿಯೇ ಸೋತಳು. ಪದಕ ಬರಲಿಲ್ಲ. ಬಗ್ಗಿ ನಮಸ್ಕರಿಸಿ ಹೊರಬಂದವಳು, "ಅವ್ವಾ, ಬಡಿತ ಬಿದ್ರೂ ಕಣ್ಣು ಮುಚ್ಚಲಿಲ್ಲ, ನೋಡಿದೇನು?" ಎಂದಳು. ಗೆದ್ದ ಹುಡುಗಿಯೂ ನಮ್ಮ ಡಬ್ಬಿಯಿಂದ ಎರಡು ಉಂಡೆ ತಿಂದಳು.

ಒಂದು ಪಂದ್ಯ ಆಡಿದ ಮಾತ್ರಕ್ಕೆ ಮಗಳು ಬೀದಿಯ ಪುಂಡರನ್ನು ಹೊಡೆದು ಹಾಕುತ್ತಾಳೆಂದು ನಂಬಬೇಡಿ. ಬೀದಿಯಲ್ಲಿ ಕೂಗುವುದು, ಓಡುವುದು, 112ಕ್ಕೆ ಫೋನ್ ಮಾಡುವುದೇ ಮೊದಲ ವಿದ್ಯೆ. ಕರಾಟೆಯಿಂದ ನಾಳೆ ದೊಡ್ಡ ಹೆಸರು ಬಂದೀತೆಂದೂ ಅಲ್ಲ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ಗೆ ಸೇರಿದ ಈ ಆಟ 2024ರ ಪ್ಯಾರಿಸ್ ಕೂಟದಲ್ಲಿ ಇರಲೇ ಇಲ್ಲ. ಸಿಗುವುದು ಬೇರೆಯದು. ಪೆಟ್ಟು ಬಿದ್ದ ಮೇಲೂ ಕಾಲೂರಿ ನಿಲ್ಲಬಹುದೆಂದು ಹುಡುಗಿಗೆ ತನ್ನ ಮೈಯಿಂದಲೇ ಗೊತ್ತಾಗುತ್ತದೆ.

ನಿಮ್ಮ ಮಗಳೂ ಕೇಳಿದರೆ, ಹೂಂ ಅನ್ನುವ ಮೊದಲು ನಾಲ್ಕು ಮಾತು ವಿಚಾರಿಸಿ. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸು ಇರುತ್ತಾರೆಯೇ? ಪಂದ್ಯದಲ್ಲಿ ಡಾಕ್ಟರು ಇದ್ದಾರೆಯೇ? ಕಾಪುಗಳು ಎಲ್ಲರಿಗೂ ಕಡ್ಡಾಯವೇ? ಮುಖಕ್ಕೆ ತಾಗಿಸುವ ಬಗ್ಗೆ ಅವರ ನಿಯಮವೇನು? ಉತ್ತರ ಸರಿಯಿದ್ದರೆ ಕಳುಹಿಸಿ. ರಾತ್ರಿ ತಲೆದಿಂಬು ಹಿಡಿದು ನಿಲ್ಲಲು ಮಾತ್ರ ಮರೆಯಬೇಡಿ.