ದುಬಾರಿ ಬಂಡಿಯ ಹಿಂದೆ ಅಗ್ಗದ ಬಂಡಿ

ಹಿಂದೂಪುರಕ್ಕೆ ಸಮೀಪದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ 2019ರಿಂದ ಕಾರುಗಳನ್ನು ತಯಾರಿಸುತ್ತಿದೆ. ಆದರೆ ಆ ಸಂಸ್ಥೆ 2022ರಲ್ಲಿ ಭಾರತದಲ್ಲಿ ಮಾರಿದ ಮೊದಲ ವಿದ್ಯುತ್ ಕಾರು ಇವಿ6 ಬಂದದ್ದು ಕೊರಿಯಾದಿಂದ; ಬೆಲೆ ಸುಮಾರು 60 ಲಕ್ಷ ರೂಪಾಯಿ. 2025ರಲ್ಲಿ ಪೆನುಕೊಂಡದಲ್ಲೇ ತಯಾರಾದ ಕ್ಯಾರೆನ್ಸ್ ಕ್ಲಾವಿಸ್ ಇವಿಯ ಆರಂಭಿಕ ಬೆಲೆ ಸುಮಾರು 18 ಲಕ್ಷ.

ಸಿರಿವಂತರ ಆಟಿಕೆಯೇ ಕಾಲಾಂತರದಲ್ಲಿ ಬಡವರ ಸಾಧನವಾಗುತ್ತದೆ ಎಂಬವರಿಗೆ ಇದೊಂದು ಸಿದ್ಧ ಉದಾಹರಣೆ. ಅದನ್ನು ಪೂರ್ತಿ ಒಪ್ಪುವಂತಿಲ್ಲ. ಎರಡೂ ಒಂದೇ ದರ್ಜೆಯ ಕಾರುಗಳಲ್ಲ. ಆಮದು ಸುಂಕ ತಪ್ಪಿದ್ದೂ ಬೆಲೆ ತಗ್ಗಲು ಕಾರಣ. ನಿಜವಾದ ಇಳಿಕೆ ಬ್ಯಾಟರಿಯದು: 2010ರಲ್ಲಿ ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರ್ ಮೀರಿದ್ದ ಲಿಥಿಯಂ ಬ್ಯಾಟರಿ 2024ರ ವೇಳೆಗೆ 115 ಡಾಲರಿನ ಆಸುಪಾಸಿಗೆ ಬಂದಿತು. ದುಬಾರಿ ಕಾರು ಕೊಂಡವರ ಹಣ ಅದಕ್ಕೆ ನೆರವಾಯಿತು, ದಿಟ. ಚೀನಾದ ಬೃಹತ್ ಕಾರ್ಖಾನೆಗಳೂ ಸರ್ಕಾರಗಳ ಸಹಾಯಧನವೂ ಅಷ್ಟೇ ನೆರವಾದವು.

ಅದೇ ಸೀಮೆಯ ಕಲ್ಯಾಣದುರ್ಗದ ಶೇಂಗಾ ರೈತನಿಗೆ 18 ಲಕ್ಷವೂ ದೂರದ ಮಾತೇ. ಅವನ ಅಂಗಳಕ್ಕೆ ಈ ವಿದ್ಯೆ ಬರುವುದಾದರೆ ಕಾರಾಗಿ ಅಲ್ಲ, ನಾಲ್ಕು ಚೀಲ ಹೇರಿ ಪೇಟೆಗೆ ಹೋಗಿಬರುವ ಮೂರು ಚಕ್ರದ ಬಂಡಿಯಾಗಿ. ಅದನ್ನೂ ಅವನು ಸಾಲ ಮಾಡಿಯೇ ಕೊಳ್ಳಬೇಕು. ಮಳೆ ಕೈಕೊಟ್ಟ ವರ್ಷವೂ ಕಂತು ನಿಲ್ಲುವುದಿಲ್ಲ.