ಅವ್ವ ಬಲೆ ಎಳೆದದ್ದು

ದಾವಣಗೆರೆ ಕಡೆಯ ನಮಗೆ ಸಮುದ್ರ ಅಂದರೆ ಒಂದೋ ಮುರ್ಡೇಶ್ವರ, ಇಲ್ಲವೇ ಉಡುಪಿ ಕೃಷ್ಣನ ದರ್ಶನ ಮುಗಿಸಿಕೊಂಡು ಮಲ್ಪೆ. ಆ ಡಿಸೆಂಬರ್ ರಜೆಯಲ್ಲಿ ನಾವೂ ಅದನ್ನೇ ಮಾಡಿದೆವು. ನಮ್ಮೆಜಮಾನರು, ನಾನು, ಎರಡು ಮಕ್ಕಳು, ಜೊತೆಗೆ ಅವ್ವ. ಎಪ್ಪತ್ತು ದಾಟಿದ್ದರೂ ಅವ್ವ ಅಲ್ಲಿಯವರೆಗೆ ಸಮುದ್ರ ನೋಡಿದವಳಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನೂ ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಸುತ್ತಲೇ ಇಳಿದಿದ್ದಳು.

ಮಲ್ಪೆಯಲ್ಲಿ ಅವತ್ತು ಎಳ್ಳು ಹಾಕಿದರೆ ಕೆಳಗೆ ಬೀಳುತ್ತಿರಲಿಲ್ಲ. ನೀರಲ್ಲಿ ಸ್ಪೀಡ್ ಬೋಟು, ಆಕಾಶದಲ್ಲಿ ಪ್ಯಾರಾಸೇಲಿಂಗ್, ದಡದುದ್ದಕ್ಕೂ ಗೋಬಿ ಮಂಚೂರಿ, ಚುರುಮುರಿ. ಸೇಂಟ್ ಮೇರಿಸ್ ದ್ವೀಪದ ದೋಣಿಗೆ ಉದ್ದನೆಯ ಸಾಲು. ಆ ದ್ವೀಪದ ಕಂಬಗಲ್ಲುಗಳೇನು ಸುಮ್ಮನೆ ಹೆಸರಾಗಿಲ್ಲ, ಭಾರತ ಮಡಗಾಸ್ಕರದಿಂದ ಕಳಚಿಕೊಂಡ ಕಾಲದ ಲಾವಾ ತಣಿದು ಸೀಳಿ ಹಾಗೆ ನಿಂತಿದೆಯಂತೆ. ಆದರೆ ಬಿಸಿಲಲ್ಲಿ ಸಾಲು ನಿಂತ ಮಕ್ಕಳಿಗೆ ಅದನ್ನೆಲ್ಲ ಹೇಳಿ ನೋಡಿ! ಸಣ್ಣವನು ಅಳು ಶುರುಮಾಡಿದ. ಅವ್ವ ಸೊಂಟದ ಮೇಲೆ ಕೈಯಿಟ್ಟು ಸುತ್ತ ಕಣ್ಣಾಡಿಸಿ, "ಇದೇನವ್ವಾ, ದುಗ್ಗಮ್ಮನ ಜಾತ್ರೆಗೆ ನೀರು ಬಿಟ್ಟಂಗೈತಲ್ಲ" ಅಂದಳು.

ನಮ್ಮ ಜೊತೆಗಿದ್ದವರು ನಮ್ಮೆಜಮಾನರ ಬ್ಯಾಂಕಿನ ಸಹೋದ್ಯೋಗಿ, ಉಡುಪಿಯವರು. ನಾವು ಉಳಿದುಕೊಂಡಿದ್ದೂ ಅವರ ಮನೆಯಲ್ಲೇ. "ಪಡುಕರೆಗೆ ಹೋಗುವ ಮಾರಾಯ್ರೆ, ಸೇತುವೆ ದಾಟಿದ್ರೆ ಆಯ್ತು" ಎಂದು ಕಾರು ತಿರುಗಿಸಿಯೇಬಿಟ್ಟರು.

ದಾರಿ ಬಂದರಿನ ಪಕ್ಕದಲ್ಲೇ. ಸಾಲು ಸಾಲು ಬೋಟುಗಳು, ಐಸ್ ತುಂಬಿದ ಲಾರಿಗಳು, ಮೀನಿನ ವಾಸನೆ. ಲಿಂಗ ಕಟ್ಟಿಕೊಂಡ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡವಳು ಸೇತುವೆ ದಾಟಿದ ಮೇಲೆಯೇ ತೆಗೆದದ್ದು. ಆಚೆಗೆ ಬಂದರೆ ಬೇರೆಯೇ ಲೋಕ. ಒಂದು ಕಡೆ ಉದ್ಯಾವರ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಕಿರಿದಾದ ನೆಲ, ಅದರ ಮೇಲೆ ರಸ್ತೆ, ತೆಂಗು, ಮನೆಗಳು. ಕೆಲವು ಮನೆಗಳ ಅಂಗಳಕ್ಕೆ ಸಮುದ್ರದ ಗಾಳಿ, ಹಿತ್ತಲಿಗೆ ಹೊಳೆಯ ಗಾಳಿ. ಸೇತುವೆಯಾಗುವ ಮೊದಲು ಇಲ್ಲಿಯವರು ಮಲ್ಪೆಗೆ ದೋಣಿಯಲ್ಲೇ ದಾಟುತ್ತಿದ್ದರಂತೆ.

ಇಲ್ಲಿ ಜನ ಇಲ್ಲ ಅಂತಲ್ಲ, ನಮ್ಮಂಥ ಜನ ಇಲ್ಲ ಅಷ್ಟೆ. ತೆಂಗಿನ ಬುಡದಲ್ಲಿ ದೋಣಿ ಮಗುಚಿಟ್ಟಿದ್ದರು. ಒಬ್ಬ ಹಿರಿಯರು ಕಾಲು ಚಾಚಿ ಕೂತು, ಕಾಲ್ಬೆರಳಿಗೆ ಬಲೆ ಸಿಕ್ಕಿಸಿ ಹರಿದಲ್ಲಿ ಹೊಲಿಯುತ್ತಿದ್ದರು. ಮಕ್ಕಳು ನೀರಿಗೆ ಓಡುವ ಮೊದಲೇ ನಮ್ಮ ಉಡುಪಿಯವರು ಆ ಅಜ್ಜರ ಬಳಿ ಹೋಗಿ ತುಳುವಿನಲ್ಲಿ ಏನೋ ಕೇಳಿದರು. ಕಾವಲಿನವರಿಲ್ಲದ ದಡದಲ್ಲಿ ಇದು ಮೊದಲ ಕೆಲಸವಂತೆ. ಅಜ್ಜ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: "ಅಮಾಸೆ ಮೊನ್ನೆ ಅಷ್ಟೇ ಆದದ್ದು, ಭರತ ಜೋರುಂಟು. ಅಗೋ, ತೆರೆ ಒಡೆಯದೆ ನೀರು ನಯ ಕಾಣ್ತದಲ್ಲ, ಅಲ್ಲಿ ಮಕ್ಕಳನ್ನು ಬಿಡ್ಬೇಡಿ. ಎಳ್ಕೊಂಡು ಹೋಗ್ತದೆ."

ನಾನು ನೋಡುತ್ತಲೇ ನಿಂತೆ. ಅವರು ತೋರಿಸಿದ್ದು ಇಡೀ ದಡದಲ್ಲೇ ಸಾಧು ಅನ್ನಿಸುವ ಜಾಗ. ಎರಡೂ ಪಕ್ಕದಲ್ಲಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ. ದಡಕ್ಕೆ ಬಂದ ನೀರು ವಾಪಸು ಹೋಗುವುದೇ ಆ ಓಣಿಯಲ್ಲಿ. ಹೇಳದಿದ್ದರೆ ಯಾವ ತಾಯಿಯಾದರೂ ಮಕ್ಕಳನ್ನು ಅಲ್ಲೇ ಇಳಿಸುತ್ತಿದ್ದಳು. ಮಕ್ಕಳು ಬೇರೆ ಕಡೆ ಮೊಣಕಾಲುದ್ದ ನೀರಲ್ಲಿ ಆಡಿದರು, ಏಡಿ ಅಟ್ಟಿದರು. ಅವ್ವ ಸೀರೆ ಎತ್ತಿ ಕಟ್ಟಿ ಪಾದ ನೆನೆಸಿಕೊಂಡಳು. ಒಂದು ಬೊಗಸೆ ನೀರು ನಾಲಗೆಗೆ ಮುಟ್ಟಿಸಿ, "ಖರೇನೇ ಉಪ್ಪು" ಅಂದಳು.

ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ಕೈರಂಪಣಿ ಶುರುವಾಗಿತ್ತು. ಗೊತ್ತಿಲ್ಲದವರಿಗೆ ಹೇಳಬೇಕು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಕೆಲವರು ಹಿಡಿದಿರುತ್ತಾರೆ. ದೋಣಿ ಬಲೆ ಬಿಡುತ್ತಾ ಕಡಲಿಗೆ ಹೋಗಿ, ಅರ್ಧ ಸುತ್ತು ಹಾಕಿ, ಇನ್ನೊಂದು ತುದಿಯನ್ನು ಆಚೆ ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡು ಗುಂಪು ಎಳೆಯುತ್ತಾ, ಎಳೆಯುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಹಿಂದೆ ದೊಡ್ಡ ರಂಪಣಿ ಇತ್ತು, ಅದಕ್ಕೆ ಊರಿಗೆ ಊರೇ ಬೇಕಾಗುತ್ತಿತ್ತಂತೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನನ್ನು ಆಳದಲ್ಲೇ ಸುತ್ತುವರಿದು ಬಾಚತೊಡಗಿದ ಮೇಲೆ ದೊಡ್ಡ ರಂಪಣಿ ಮೂಲೆ ಸೇರಿತು. ಉಳಿದದ್ದು ಈ ಚಿಕ್ಕದು.

ನಾವು ನೋಡುತ್ತಾ ನಿಂತಿದ್ದೆವು. ಹಗ್ಗದ ತುದಿಯಲ್ಲಿದ್ದ ಹೆಂಗಸೊಬ್ಬರು ತಿರುಗಿ, "ನಿಂತು ನೋಡಿದ್ರೆ ಬಲೆ ಬರ್ತದಾ? ಕೈ ಹಾಕಿ ಅಮ್ಮ" ಅಂದರು. ಅವರು ನನಗೆ ಹೇಳಿದ್ದಿರಬೇಕು. ಮುಂದೆ ಹೋದವಳು ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಬಾವಿಯಿಂದ ನೀರು ಸೇದಿ ರೂಢಿಯಿದ್ದ ಕೈಯಲ್ಲಿ ಎಳೆದಳು ನೋಡಿ! ಮುಂದಿದ್ದ ಹುಡುಗರು ತಿರುಗಿ ನೋಡಿ ನಕ್ಕರು, ಆಮೇಲೆ ಅವಳ ಲಯಕ್ಕೇ ಹೊಂದಿಕೊಂಡರು. ನನ್ನ ಅಂಗೈಯಂತೂ ಹತ್ತು ನಿಮಿಷಕ್ಕೆ ಕೆಂಪಗಾಯಿತು.

ಬಲೆ ದಡಕ್ಕೆ ಬರುವಾಗ ನೀರು ಕೊತಕೊತ ಅನ್ನುತ್ತಿತ್ತು. ಬಂಗುಡೆ, ಬೊಳೆಂಜಿರ್, ಒಂದಷ್ಟು ಎಟ್ಟಿ, ಎರಡು ಮೂರು ಲೋಳೆಮೀನು. ಒಂದು ಮೀನು ಮುಟ್ಟಿದ್ದೇ ತಡ ಉಬ್ಬಿ ಗುಂಡಗಾಯಿತು. ಸಣ್ಣವನು ಕಿರುಚಿದ ಖುಷಿಗೆ ಲೆಕ್ಕವಿಲ್ಲ. ಹುಡುಗನೊಬ್ಬ ಅದನ್ನು ತೋರಿಸಿ ವಾಪಸು ನೀರಿಗೆ ಎಸೆದ. ಆಮೇಲೆ ಎಳೆದವರಿಗೆಲ್ಲ ಒಂದೊಂದು ಪಾಲು. ಆ ಹೆಂಗಸು ಅವ್ವನ ಕೈಗೂ ಪ್ಲಾಸ್ಟಿಕ್ ಚೀಲ ಇಟ್ಟರು, ಒಳಗೆ ಐದಾರು ಬಂಗುಡೆ. ಬೇಡ ಅನ್ನಲು ನಾನು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ಗದರಿಸಿದಳು: "ದುಡಿದಿದ್ದಕ್ಕೆ ಕೊಟ್ಟಾರ. ಬ್ಯಾಡ ಅಂತಾರೇನು?"

ಹಿಂದಿರುಗಿದ್ದು ಮಟ್ಟುವಿನ ದಾರಿಯಲ್ಲಿ. ಅಲ್ಲಿನ ಗುಳ್ಳ ಬದನೆ ಕೇಳಿದ್ದೀರಲ್ಲ, ವಾದಿರಾಜರು ಕೊಟ್ಟ ಬೀಜ ಅನ್ನುತ್ತಾರೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ರಸ್ತೆ ಬದಿ ಒಬ್ಬಾಕೆ ಗುಳ್ಳ ಮಾರುತ್ತಿದ್ದರು. ಅವ್ವ ಕಾರು ನಿಲ್ಲಿಸಿ, ಇಳಿದು ಹೋಗಿ, "ಮೀನ ತಿಂತೀಯೇನವ್ವಾ?" ಅಂದಳು. ಆಕೆ ನಕ್ಕು, "ಎಂತ ಕೇಳ್ತೀರಿ, ಕೊಡಿ" ಅಂದರು. ಚೀಲ ಆ ಕಡೆ ಹೋಯಿತು, ಹಸಿರು ಗುಳ್ಳಗಳು ಈ ಕಡೆ ಬಂದವು. ದುಡ್ಡಿನ ಮಾತೇ ಇಲ್ಲ. ದಾರಿಯುದ್ದಕ್ಕೂ ಆ ಬಂಗುಡೆಯ ಮೇಲೆ ಕಣ್ಣಿಟ್ಟಿದ್ದ ನಮ್ಮ ಉಡುಪಿಯವರ ಮುಖ ಆಗ ನೋಡಬೇಕಿತ್ತು.

ರಾತ್ರಿ ಅವರ ಮನೆಯಲ್ಲಿ ಗುಳ್ಳದ ಹುಳಿ. ತಟ್ಟೆ ನೋಡುತ್ತಾ ಅವರು, "ಅಮ್ಮ, ಆ ಬಂಗುಡೆ ಎಷ್ಟು ತಾಜಾ ಇತ್ತು ಗೊತ್ತುಂಟಾ?" ಅಂದರು.

"ಗೊತ್ತೈತಪ್ಪಾ, ಎಳ್ದಾಕಿ ನಾನಲ್ಲೇನು?" ಅನ್ನುತ್ತಾ ಅವ್ವ ಅವರಿಗೆ ಇನ್ನೊಂದು ಸೌಟು ಬಡಿಸಿದಳು.