ಪತ್ತಾ

ಕಳೆದ ವರ್ಷ ಸೈಕಲ್ ಸ್ಟ್ಯಾಂಡಿನ ಪಕ್ಕದ ಬಾದಾಮಿ ಮರದ ಕೆಳಗೆ ನಾನು ಒಣಗಿದ ಎಲೆಗಳನ್ನು ಆರಿಸಿ ಬ್ಯಾಗಿಗೆ ಹಾಕಿಕೊಳ್ಳುವುದನ್ನು ನೋಡಿ ಗೆಳೆಯರು ನಗುತ್ತಿದ್ದರು. ಆಗ ಕಾರಣ ಹೇಳಲಿಲ್ಲ. ಅದು ಒಂದು ಮೀನಿಗಾಗಿ.

ಈದಿ ಹಣ ಕೂಡಿಟ್ಟು 600 ರೂಪಾಯಿಗೆ ಒಂದು ಲೀಫ್ ಫಿಶ್ ತಂದಿದ್ದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ನನ್ನ ತೋರುಬೆರಳಿನಷ್ಟು ಉದ್ದ, ಕಂದು ಬಣ್ಣ, ಗದ್ದದಲ್ಲಿ ಎಲೆಯ ತೊಟ್ಟಿನಂಥ ಒಂದು ಕುಡಿ. ತಲೆ ಕೆಳಗೆ ಮಾಡಿ ಸುಮ್ಮನೆ ತೇಲುತ್ತದೆ. ಈಜುವ ರೆಕ್ಕೆಗಳು ಗಾಜಿನಂತೆ ಇರುವುದರಿಂದ ಅವು ಆಡುವುದೂ ಕಾಣುವುದಿಲ್ಲ. ದಾದಿ ಕನ್ನಡಕ ಹಾಕಿಕೊಂಡು ನೋಡಿ, "ಮಛ್ಲೀ ಎಲ್ಲಿದೆ? ಇದು ಸೂಖಾ ಪತ್ತಾ" ಎಂದರು. ಅಂದಿನಿಂದ ಅದರ ಹೆಸರು ಪತ್ತಾ.

ಕಾಳು ಹಾಕಿದರೆ ತಿನ್ನುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಮೂರು ದಿನ ಹಾಕಿದೆ. ಕಾಳು ಅದರ ಮೂಗಿನ ಮುಂದೆಯೇ ಇಳಿದು ತಳ ಸೇರುತ್ತಿತ್ತು, ಪತ್ತಾ ಕಣ್ಣು ಕೂಡ ತಿರುಗಿಸಲಿಲ್ಲ. ಅದಕ್ಕೆ ಜೀವವಿರುವುದು, ಚಲಿಸುವುದು ಮಾತ್ರ ಊಟ. ನಾಲ್ಕನೇ ದಿನ ತಂಗಿ ಸಾಕಿದ್ದ ಒಂದು ಗಪ್ಪಿಯನ್ನು ಅವಳಿಗೆ ಹೇಳದೆ ಬಿಟ್ಟೆ. ಪತ್ತಾ ಗಾಳಿಗೆ ಜಾರುವ ಎಲೆಯಂತೆ ನಿಧಾನವಾಗಿ ಹತ್ತಿರ ಬಂತು. ಇದ್ದಕ್ಕಿದ್ದಂತೆ ಅದರ ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚಿತು. ಗಪ್ಪಿ ಇರಲಿಲ್ಲ. ನನಗೆ ಖುಷಿಯಾಯಿತು, ಅದೇ ಕ್ಷಣ ನಾಚಿಕೆಯೂ ಆಯಿತು, ಏಕೆಂದರೆ ತಂಗಿ ಬಾಗಿಲಲ್ಲಿ ನಿಂತಿದ್ದಳು.

ಅವಳು ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವಳೇ ಒಂದು ಷರತ್ತು ಹಾಕಿದಳು: ದೊಡ್ಡ ಗಪ್ಪಿಗಳನ್ನು ಮುಟ್ಟಬಾರದು, ಮರಿಗಳಲ್ಲಿ ಯಾವುದನ್ನು ಕೊಡಬೇಕೆಂದು ಅವಳೇ ಆರಿಸುತ್ತಾಳೆ. ಗಪ್ಪಿ ತಿಂಗಳಿಗೊಮ್ಮೆಯಂತೆ ಮರಿ ಹಾಕುತ್ತದೆ. ತಾರಸಿಯ ಗುಲಾಬಿ ಟಬ್ಬಿನ ಮುಂದೆ ಕೂತು ಅವಳು ಆರಿಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಊಟದ ನಂತರ ನೀರಿನ ಸಮಸ್ಯೆ. ಈ ಮೀನಿಗೆ ಮೆದುವಾದ, ಸ್ವಲ್ಪ ಆಮ್ಲೀಯವಾದ ನೀರು ಬೇಕು. ನಮ್ಮ ಕೋಲಾರದ ಬೋರ್‌ವೆಲ್ ನೀರು ಹೇಗಿದೆ ಎಂದು ನಿಮ್ಮ ಮನೆಯ ಮಗ್ಗಿನ ಬಿಳಿ ಕರೆ ನೋಡಿದರೆ ಗೊತ್ತಾಗುತ್ತದೆ. ಪ್ರತಿ ಭಾನುವಾರ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ಸೈಕಲ್ ಮೇಲೆ ತರುತ್ತಿದ್ದೆ. ಅದರಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಒಂದೆರಡು ಮಗ್ ಬೋರ್‌ವೆಲ್ ನೀರು ಬೆರೆಸಬೇಕು. ಬಾದಾಮಿ ಎಲೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ಸ್ವಲ್ಪ ಆಮ್ಲೀಯವಾಗುತ್ತದೆ, ಮೀನಿಗೂ ಅಡಗಲು ಜಾಗ. "ದುಡ್ಡು ಕೊಟ್ಟು ತಂದ ನೀರನ್ನು ಕೊಳಕು ಮಾಡುವವರನ್ನು ನಾನು ನೋಡಿರಲಿಲ್ಲ" ಎಂದು ಅಮ್ಮಿ ಬೈಯುತ್ತಿದ್ದರು. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪತ್ತಾನ ಖಾತೆ ತೆರೆದಿದ್ದೆ. ಅದರಲ್ಲಿ ಡೆಬಿಟ್ ಕಡೆ ಮಾತ್ರ ತುಂಬುತ್ತಿತ್ತು.

ಹೀಗೆ ಏಳು ತಿಂಗಳು ನಡೆಯಿತು. ಮಧ್ಯಾವಧಿ ಪರೀಕ್ಷೆ ಬಂದಾಗ ಟಬ್ಬಿನಲ್ಲಿ ಮರಿಗಳು ಮುಗಿದಿದ್ದವು. ಅಂಗಡಿಯಿಂದ ಹತ್ತು ಗಪ್ಪಿ ತಂದೆ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಇಟ್ಟು ರೋಗವಿಲ್ಲ ಎಂದು ಖಚಿತವಾದ ಮೇಲೆ ಹಾಕಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಸಂಜೆ ಎಲ್ಲವನ್ನೂ ಬಿಟ್ಟು, ಓದಲು ಕೂತೆ.

ನಾಲ್ಕನೇ ದಿನ ಒಂದು ಗಪ್ಪಿಯ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಕಂಡವು. ಮರುದಿನ ಪತ್ತಾನ ಬಾಲದ ಮೇಲೆ. ಬಿಳಿ ಚುಕ್ಕೆ ರೋಗ. ಹೀಟರಿನಿಂದ ನೀರನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿದೆ. ಇಷ್ಟು ನಾಜೂಕಿನ ಮೀನು ತಡೆಯುತ್ತದೋ ಇಲ್ಲವೋ ಎಂದು ಹೆದರಿ ಔಷಧಿಯನ್ನು ಅರ್ಧ ಪ್ರಮಾಣದಲ್ಲೇ ಹಾಕಿದೆ. ಪತ್ತಾ ತಿನ್ನುವುದನ್ನು ನಿಲ್ಲಿಸಿತು.

ಅರ್ಥಶಾಸ್ತ್ರ ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದಾಗ ಎಲೆಗಳ ನಡುವೆ ಎಂದಿನಂತೆ ಅಲುಗದೆ ಇತ್ತು. ಮಧ್ಯಾಹ್ನ ಬಂದಾಗಲೂ ಹಾಗೆಯೇ. ಒಂದು ಗಪ್ಪಿ ಬಂದು ಅದರ ಬಾಯಿಯ ಬಳಿ ಪಾಚಿ ಕಚ್ಚುತ್ತಾ ನಿಂತಿತು, ಓಡಿಹೋಗಲಿಲ್ಲ. ಆಗ ನನಗೆ ತಿಳಿಯಿತು.

ತಂಗಿ ಗೆದ್ದಂತೆ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ಟೂಲ್ ತಂದು ನನ್ನ ಪಕ್ಕ ಕೂತಳು, ಏನೂ ಹೇಳಲಿಲ್ಲ. ದಾಸವಾಳದ ಗಿಡದ ಬುಡದಲ್ಲಿ ಇಬ್ಬರೂ ಸೇರಿ ಹೂತೆವು.

ಟ್ಯಾಂಕ್ ತೊಳೆದು ಬಿಸಿಲಿಗೆ ಇಟ್ಟು ಒಣಗಿಸಿದ ಮೇಲೆ ಅದು ತಂಗಿಯದಾಯಿತು. ಗಪ್ಪಿಗೆ ನಮ್ಮ ಗಡಸು ನೀರೇ ಸರಿಹೊಂದುತ್ತದೆ, ಕ್ಯಾನ್ ಹೊರುವ ಕೆಲಸವಿಲ್ಲ. ಮೊನ್ನೆ ಅವಳು, "ಕಾಲೇಜಿಂದ ಬರುವಾಗ ಎರಡು ಬಾದಾಮಿ ಎಲೆ ತಾ" ಎಂದಳು. ತಂದುಕೊಟ್ಟೆ.